ಶಾಲೆಯ ಮೊದಲ ದಿನ

ಮಗುವು ಶಾಲೆಯ ಹೊಸ್ತಿಲಲ್ಲಿ ಅಳುವುದು ವಿದ್ಯಾದ್ವೇಷದಿಂದಲ್ಲ, ಒಳಗೆ ತನ್ನವರಾರೂ ಇಲ್ಲವೆಂಬ ಭಯದಿಂದ. ನಮ್ಮ ಬಳ್ಳಾರಿ ಸೀಮೆಯು 1953ರ ಅಕ್ಟೋಬರ್ 1ರಂದು ಮದರಾಸನ್ನಗಲಿ ಮೈಸೂರು ರಾಜ್ಯವನ್ನು ಸೇರಿತಾದರೂ, ಮನೆಮಾತು ಗಡಿಗೆರೆಯನ್ನು ಅನುಸರಿಸುವುದುಂಟೆ?

ಸಿರುಗುಪ್ಪದಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ತೆಲುಗು ಮನೆಮಾತಿನ ಬಾಲಕನೊಬ್ಬನು ಮೊದಲ ದಿನ ಬಾಗಿಲ ಕಂಬವನ್ನೇ ಅಪ್ಪಿ ನಿಂತನು. ನನ್ನ ಸಾಂತ್ವನವೆಲ್ಲ ವ್ಯರ್ಥವಾಯಿತು. ಕುರುಗೋಡಿನ ಕಡೆಯ ಬಾಲೆಯೊಬ್ಬಳು ಚಿತ್ರಪುಸ್ತಕವನ್ನು ಅವನೆದುರು ಬಿಡಿಸಿ, ಮಲಗಿದ ಎತ್ತೊಂದನ್ನು ತೋರಿ, "ನಮ್ಮೂರ ಬಸವಣ್ಣ" ಎಂದಳು. ತೆಲುಗಿನಲ್ಲಿ ಎತ್ತಿಗೆ ಎದ್ದು ಎನ್ನುವರಷ್ಟೆ. ಅವನು ಬಿಕ್ಕುತ್ತಲೇ "ಎದ್ದು" ಎಂದನು. "ಎಲ್ಲಿ ಎದ್ದಿದೆ? ಮಲಗಿದೆಯಲ್ಲ!" ಎಂದು ಅವಳು ನಕ್ಕಳು. ಅರ್ಥವಾಗದಿದ್ದರೂ ಅವನೂ ನಕ್ಕು, ಕಂಬವನ್ನು ಬಿಟ್ಟನು.

ಗೃಹಸ್ಥರು ಪಾಟಿಬಳಪಗಳೊಡನೆ ಇಂತಹ ಪುಸ್ತಕವೊಂದನ್ನೂ ಮಗುವಿನ ಚೀಲದಲ್ಲಿಡಲಿ. ಇಬ್ಬರು ಕೂಡಿ ನೋಡುವಷ್ಟು ಅಗಲವಾಗಿದ್ದರೆ ಸಾಕು.