ಅಂಚೆಯವನ ಅರಮನೆ

ದೇಶ ಸುತ್ತುವವರಲ್ಲಿ ಹಲವು ಬಗೆ. ಕೆಲವರಿಗೆ ಪುಣ್ಯಕ್ಷೇತ್ರಗಳು ಬೇಕು, ಕೆಲವರಿಗೆ ಕಡಲ ತೀರ, ಇನ್ನು ಕೆಲವರಿಗೆ ಅರಸರು ಕಟ್ಟಿಸಿದ ಕೋಟೆ ಕೊತ್ತಲಗಳು. ಇವರ ನಡುವೆ ವಿಚಿತ್ರವಾದ ಕಟ್ಟಡಗಳನ್ನೇ ಅರಸಿಕೊಂಡು ಖಂಡದಿಂದ ಖಂಡಕ್ಕೆ ಅಲೆಯುವ ಸಣ್ಣ ಗುಂಪೊಂದು ಉಂಟು. ಅಂಥವರು ಪ್ಯಾರಿಸಿನ ಐಫೆಲ್ ಗೋಪುರವನ್ನಾದರೂ ಬಿಟ್ಟಾರು, ಆಗ್ನೇಯ ಫ್ರಾನ್ಸಿನ ಓತ್‌ರೀವ್ ಎಂಬ ಹಳ್ಳಿಯನ್ನು ಬಿಡಲಾರರು. ಅಲ್ಲಿರುವುದು ಒಂದು ಅರಮನೆ. ಅದರಲ್ಲಿ ಯಾವ ಅರಸನೂ ವಾಸಿಸಿದವನಲ್ಲ. ಕಟ್ಟಿದವನು ಒಬ್ಬ ಅಂಚೆಪೇದೆ.

ಅವನ ಹೆಸರು ಫರ್ಡಿನಾಂಡ್ ಶೆವಾಲ್. 1836ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದವನು. ಓದು ಅಷ್ಟಕ್ಕಷ್ಟೆ. ಮೊದಲು ರೊಟ್ಟಿ ಸುಡುವ ಕೆಲಸ ಮಾಡಿ, ಅನಂತರ ಹಳ್ಳಿಗಳಿಗೆ ಅಂಚೆ ಹಂಚುವವನಾದನು. ದಿನವೂ ಸುಮಾರು ಮೂವತ್ತು ಕಿಲೋಮೀಟರು ಕಾಲ್ನಡಿಗೆ. ಒಂಟಿಯಾಗಿ ನಡೆಯುವವನಿಗೆ ಮನಸ್ಸೇ ಸಂಗಾತಿ. ಅವನು ನಡೆಯುತ್ತ ನಡೆಯುತ್ತ ಮನಸ್ಸಿನಲ್ಲಿಯೇ ಒಂದು ಅದ್ಭುತವಾದ ಅರಮನೆಯನ್ನು ಕಟ್ಟುತ್ತಿದ್ದನು. 1879ರಲ್ಲಿ ಒಂದು ದಿನ ಅವನ ಕಾಲು ಕಲ್ಲೊಂದನ್ನು ಎಡವಿತು. ಎತ್ತಿ ನೋಡಿದರೆ ನೀರು ಕೊರೆದು ರೂಪಿಸಿದ ವಿಲಕ್ಷಣವಾದ ಕಲ್ಲು. ಮರುದಿನ ಅದೇ ಜಾಗದಲ್ಲಿ ಇನ್ನೂ ಚೆಲುವಾದವು ದೊರೆತವು. ಪ್ರಕೃತಿಯೇ ಶಿಲ್ಪದ ಕೆಲಸ ಮಾಡಿಟ್ಟಿರುವಾಗ ಗಾರೆಯ ಕೆಲಸವನ್ನು ತಾನೇ ಮಾಡಬಹುದೆಂದು ಅವನು ಬಗೆದನು. ಆಗ ಅವನಿಗೆ ನಲವತ್ಮೂರು ವರ್ಷ.

ಮೊದಮೊದಲು ಕಲ್ಲುಗಳನ್ನು ಜೇಬಿನಲ್ಲಿ ತಂದನು, ಜೇಬುಗಳು ಹರಿದವು. ಬುಟ್ಟಿಯಲ್ಲಿ ತಂದನು, ಅದೂ ಸಾಲದೆ ಒಂಟಿ ಗಾಲಿಯ ಕೈಗಾಡಿಯನ್ನು ಹಿಡಿದನು. ಹಗಲು ಅಂಚೆ ಹಂಚುವಾಗ ದಾರಿಯ ಬದಿಯಲ್ಲಿ ಕಲ್ಲುಗಳನ್ನು ಗುಡ್ಡೆ ಹಾಕಿ, ಕೆಲಸ ಮುಗಿದ ಮೇಲೆ ಗಾಡಿ ತಳ್ಳಿಕೊಂಡು ಮತ್ತೆ ಅಷ್ಟು ದೂರ ಹೋಗಿ ತರುವುದು. ರಾತ್ರಿ ದೀಪದ ಬೆಳಕಿನಲ್ಲಿ ಕಟ್ಟುವುದು. ಊರಿನವರು ಅವನಿಗೆ ತಲೆ ಕೆಟ್ಟಿದೆ ಎಂದರು. ಪಾಪ, ಅವರನ್ನು ಹಳಿಯುವಂತಿಲ್ಲ. ನೆರೆಮನೆಯವನು ಹೀಗೆ ಮಾಡಿದರೆ ಯಾರಾದರೂ ಹಾಗೆಯೇ ಅಂದಾರು.

ನಮ್ಮ ದೇಶದಲ್ಲಿ, ಚಂಡೀಗಢದಲ್ಲಿ, ರಸ್ತೆಗಳ ಮೇಲ್ವಿಚಾರಣೆಯ ಸರ್ಕಾರಿ ನೌಕರರಾಗಿದ್ದ ನೇಕ್ ಚಂದರು ಒಡೆದ ಬಳೆ, ಹೆಂಚು, ಪಿಂಗಾಣಿ ಚೂರುಗಳಿಂದ ಶಿಲೋದ್ಯಾನವನ್ನು ನಿರ್ಮಿಸಿದಾಗ ಹೀಗೆ ಹಾಸ್ಯಕ್ಕೆ ಗುರಿಯಾಗುವ ಭಯವಿರಲಿಲ್ಲ. ಏಕೆಂದರೆ ಅವರು ಕಟ್ಟುತ್ತಿದ್ದುದೇ ಕಟ್ಟಬಾರದ ಕಾಡುನೆಲದಲ್ಲಿ, ವರ್ಷಾನುಗಟ್ಟಲೆ ಗುಟ್ಟಾಗಿ. ಶೆವಾಲ್ ಕಟ್ಟಿದ್ದು ತನ್ನ ಸ್ವಂತ ನೆಲದಲ್ಲಿ, ಎಲ್ಲರ ಕಣ್ಣೆದುರಿಗೆ.

ಪೂರ್ವದ ಮುಖವೊಂದಕ್ಕೇ ಇಪ್ಪತ್ತು ವರ್ಷ ಹಿಡಿಯಿತು. ಸೀಸರ್, ವರ್ಸಿಂಜೆಟೊರಿಕ್ಸ್, ಆರ್ಕಿಮಿಡೀಸ್ ಎಂಬ ಮೂವರು ದೈತ್ಯರು ಅಲ್ಲಿ ಕಾವಲು ನಿಂತಿದ್ದಾರೆ. ಪಶ್ಚಿಮಕ್ಕೆ ಬಂದರೆ ಮಸೀದಿ, ಸ್ವಿಸ್ ಮನೆ, ನಡುಗಾಲದ ಕೋಟೆ, ಅಮೆರಿಕದ ಶ್ವೇತಭವನ, ಜೊತೆಗೆ ಒಂದು ಹಿಂದೂ ದೇವಾಲಯ! ಬೇಲೂರು, ಹಳೇಬೀಡುಗಳನ್ನು ಕಂಡ ಕಣ್ಣಿಗೆ ಅದು ದೇವಾಲಯವೆಂದು ಹೊಳೆಯುವುದು ಕಷ್ಟ. ಶೆವಾಲ್ ಈ ದೇಶಗಳನ್ನು ಕಂಡವನಲ್ಲ. ಚಿತ್ರದ ಕಾರ್ಡುಗಳೂ ಸಚಿತ್ರ ಪತ್ರಿಕೆಗಳೂ ಅವನಿಗೆ ಲೋಕವನ್ನು ತೋರಿಸಿದ್ದವು. ತನ್ನ ಕೈಗಾಡಿಗೂ ಅವನು ಅರಮನೆಯೊಳಗೆ ಒಂದು ಗೂಡನ್ನು ಕಟ್ಟಿಕೊಟ್ಟನು.

ಕೆಲಸ ಮೊದಲಾದ ವರ್ಷವೇ ಹುಟ್ಟಿದ ಮಗಳು ಆಲೀಸ್ 1894ರಲ್ಲಿ, ಹದಿನೈದರ ವಯಸ್ಸಿನಲ್ಲಿ ತೀರಿಕೊಂಡಳು. ಕೆಲಸ ಮಾತ್ರ ನಿಲ್ಲಲಿಲ್ಲ. 1912ರಲ್ಲಿ ಮುಗಿದಾಗ ಅರಮನೆ 26 ಮೀಟರು ಉದ್ದ, 14 ಮೀಟರು ಅಗಲವಿತ್ತು. ಹಿಡಿದ ಕಾಲ ಮೂವತ್ಮೂರು ವರ್ಷ. ಇದನ್ನು ರಕ್ಷಿತ ಸ್ಮಾರಕವಾಗಿಸುವ ಮಾತು ಬಂದಾಗ ಇಲಾಖೆಯ ಕೆಲವರಿಗೆ ಇದು ಬರಿಯ ಕುರೂಪವಾಗಿ ಕಂಡಿತು. ಸಂಸ್ಕೃತಿ ಸಚಿವರಾಗಿದ್ದ ಲೇಖಕ ಆಂದ್ರೆ ಮಾಲ್ರೋ ಅದನ್ನು ಲೆಕ್ಕಿಸದೆ 1969ರಲ್ಲಿ ಮನ್ನಣೆ ಕೊಡಿಸಿದರು.

ತನ್ನನ್ನು ಅರಮನೆಯೊಳಗೇ ಹೂಳಬೇಕೆಂಬುದು ಶೆವಾಲನ ಆಸೆಯಾಗಿತ್ತು. ಕಾನೂನು ಒಪ್ಪಲಿಲ್ಲ. ಎಪ್ಪತ್ತೆಂಟರ ಮುದುಕ ಮತ್ತೆ ಕಲ್ಲು ಹೊರತೊಡಗಿದನು. ಊರ ಸ್ಮಶಾನದಲ್ಲಿ ಎಂಟು ವರ್ಷ ದುಡಿದು, ಅರಮನೆಯ ಮಾದರಿಯಲ್ಲಿಯೇ ತನ್ನ ಸಮಾಧಿಯನ್ನು ತಾನೇ ಕಟ್ಟಿ ಮುಗಿಸಿದನು. 1924ರಲ್ಲಿ ಅವನನ್ನು ಅಲ್ಲಿ ಮಲಗಿಸಿದರು. ಅರಮನೆಯನ್ನು ನೋಡಲು ಬಂದವರು ಒಂದಿಷ್ಟು ದೂರ ನಡೆದು ಅದನ್ನೂ ನೋಡಿಕೊಂಡು ಹೋಗುತ್ತಾರೆ.