ಬಣ್ಣದ ಕೆಳಗಿನ ಮರ

ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗಿ ಮುಂದೆ ಹರಿದು ಹೊನ್ನಾಳಿಯನ್ನು ಮುಟ್ಟುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊನ್ನಾಳಿಯ ತಗ್ಗು ಕೇರಿಗಳವರು ಗಂಟುಮೂಟೆ ಕಟ್ಟಿಕೊಂಡು ಕಾಯಬೇಕು. 2019ರ ಆಗಸ್ಟ್ ತಿಂಗಳ ನೆರೆಯನ್ನು ಕಂಡ ನಾಲ್ವರು ಸ್ನೇಹಿತರು, ಆಪತ್ತಿಗೆ ಆಗಲೆಂದು ಕರಾವಳಿಯಿಂದ ಹಳೆಯದೊಂದು ಮೋಟಾರು ದೋಣಿಯನ್ನು ಕೊಂಡು ತಂದರು. ಒಬ್ಬರು ಹೊನ್ನಾಳಿಯ ಬಟ್ಟೆ ವ್ಯಾಪಾರಿ, ಇನ್ನೊಬ್ಬರು ಚನ್ನಗಿರಿಯ ಅಡಿಕೆ ಬೆಳೆಗಾರರು, ಮೂರನೆಯವರು ನ್ಯಾಮತಿಯ ನಿವೃತ್ತ ಉಪಾಧ್ಯಾಯರು. ನಾಲ್ಕನೆಯವರು ಜಗಳೂರಿನವರು, ಮಳೆಗಾಗಿ ಆಕಾಶ ನೋಡುವ ಸೀಮೆಯಲ್ಲಿ ಹುಟ್ಟಿ ಬೆಳೆದ ಅವರು ದೋಣಿಗೆ ಹಣ ಕೊಟ್ಟದ್ದನ್ನು ಕಂಡು ಊರವರು ನಕ್ಕಿದ್ದರು.

ಕೆಲವು ವರ್ಷಗಳು ಕಳೆದವು. ದೋಣಿಯನ್ನು ಸಾಕುವುದು ನಾಲ್ವರಿಗೂ ಭಾರವೆನಿಸಿತು. ಮಾರಿಬಿಡುವುದೆಂದು ನಿಶ್ಚಯವಾಗಿ, ಕೊಳ್ಳುವವರೂ ಗೊತ್ತಾದರು. ಆಗ ಎದುರಾದದ್ದು ಮುಚ್ಚಳಗಳ ಪ್ರಶ್ನೆ.

ಡೆಕ್ ಎಂದು ಕರೆಯುವ ದೋಣಿಯ ಮೇಲ್ಹಾಸಿನಲ್ಲಿ ಮರದ ನಾಲ್ಕು ಮುಚ್ಚಳಗಳಿದ್ದವು. ಅವುಗಳ ಅಡಿಯಲ್ಲಿ ಯಂತ್ರ, ಇಂಧನದ ತೊಟ್ಟಿ, ತಿರುಗುವ ದಂಡ. ದೋಣಿಯಲ್ಲಿ ಓಡಾಡುವವರು ಈ ಮುಚ್ಚಳಗಳ ಮೇಲೆಯೇ ಕಾಲಿಡಬೇಕು. ಅಂಚುಗಳು ಕಪ್ಪಾಗಿ, ನಡುವೆ ತುಸು ಕುಸಿದಿದ್ದವು. ಬಣ್ಣ ಬಳಿಯುವವನು ಬಂದು, ಬಿರುಕಿಗೆ ಲಪ್ಪ ತುಂಬಿ ಎರಡು ಸಲ ಬಣ್ಣ ಕೊಟ್ಟರೆ ಹೊಸದರಂತೆ ಕಾಣುತ್ತದೆ, ಒಂದು ದಿನದ ಕೆಲಸ ಎಂದನು. ವ್ಯಾಪಾರಿಗಳು ಒಪ್ಪಿದರು. ಮಾರುವಾಗ ಲೋಕವೆಲ್ಲ ಹಾಗೆಯೇ ಮಾಡುತ್ತದೆ ಎಂಬುದು ಅವರ ಸಮಾಧಾನ.

ನ್ಯಾಮತಿಯ ಉಪಾಧ್ಯಾಯರು ತಮ್ಮೂರಿನ ಬಡಗಿಯೊಬ್ಬರನ್ನು ಕರೆತಂದರು. ಅವರು ಮಾತನಾಡದೆ ದಬ್ಬಳವನ್ನು ಮುಚ್ಚಳದ ಅಂಚಿಗೆ ಒತ್ತಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

“ಸಾಹುಕಾರರೇ, ಇದರ ಮೇಲೆ ಬಣ್ಣ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ” ಎಂದರು.

“ಅಲ್ಲ ಆಚಾರ್ರೇ, ಇನ್ನು ಹದಿನೈದು ದಿನ ತಡೆದರೆ ಸಾಕಲ್ಲ?”

“ಆಮೇಲೆ ಕಾಲಿಡುವವರು ಯಾರೋ?”

ಆ ಪ್ರಶ್ನೆಗೆ ಉತ್ತರ ಹೊರಡಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ನಕಲಿಯನ್ನು ಅಸಲಿಯೆಂದು ದಾಟಿಸುವುದು ಅದರ ಅರ್ಥ. ಅದು ಸುಳ್ಳಿನ ಲೆಕ್ಕಕ್ಕಷ್ಟೇ ಸೇರದೆ ಕಳ್ಳತನದ ಲೆಕ್ಕಕ್ಕೂ ಸೇರಿರುವುದು ವಿಚಾರಯೋಗ್ಯ. ಕೊಳ್ಳುವವನ ಹಣದ ಜೊತೆಗೆ ಅವನ ನಂಬಿಕೆಯನ್ನೂ ಅವನಿಗೆ ತಿಳಿಯದಂತೆ ಕಸಿದುಕೊಂಡಂತಾಗುತ್ತದೆ. ಬಾಲ್ಯದಿಂದ ಕೇಳಿದ್ದ ಈ ಮಾತು ವ್ಯಾಪಾರಿಗಳಿಗೆ ಅಂದು ಹೊಳೆಯ ದಂಡೆಯಲ್ಲಿ ಮೊದಲ ಸಲ ತಮ್ಮನ್ನೇ ಕುರಿತದ್ದೆನಿಸಿತು. ಜಗಳೂರಿನವರು ಮಾತ್ರ, ತಮ್ಮ ಪಾಲಿಗೆ ಬರುವ ಖರ್ಚನ್ನು ಈಗಲೇ ಹಿಡಿದುಕೊಳ್ಳಿರೆಂದು ಹೇಳಿ ಸುಮ್ಮನಾದರು.

ಚನ್ನಗಿರಿಯಲ್ಲಿ ಕೆಡವಿದ ಹಳೆಯ ಮನೆಯೊಂದರ ತೇಗದ ತೊಲೆ ದೊರೆಯಿತು. ದಶಕಗಳ ಕಾಲ ಒಣಗಿದ ಮರ. ಹೊಸದಾಗಿ ಮರವೊಂದನ್ನು ಕಡಿಯಬೇಕಾಗಲಿಲ್ಲ. ಬಡಗಿ ಮೊದಲು ಅದರೊಳಗಿನ ಮೊಳೆಗಳನ್ನು ಕಿತ್ತರು. ಹಳೆಯ ಮುಚ್ಚಳವನ್ನೇ ಅಚ್ಚಾಗಿ ಇಟ್ಟುಕೊಳ್ಳದೆ, ಸೊಟ್ಟಗಾಗಿದ್ದ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದರು. ನೀರು ಕುಡಿದರೆ ಮರ ಉಬ್ಬುತ್ತದೆಂದು ಸುತ್ತಲೂ ತೆಳು ನಾಣ್ಯ ಆಡುವಷ್ಟು ಎಡೆ ಬಿಟ್ಟರು. ಮರ ನೀರನ್ನು ಹೆಚ್ಚಾಗಿ ಹೀರುವುದು ಕೊಯ್ದ ತುದಿಗಳಿಂದ. ಆದ್ದರಿಂದ ತುದಿಗಳಿಗೆ ಎಪಾಕ್ಸಿಯನ್ನು ಎರಡೆರಡು ಸಲ ಸವರಿದರು. ತುಕ್ಕು ಹಿಡಿದಿದ್ದ ಕಬ್ಬಿಣದ ತಿರುಪುಗಳ ಬದಲು ಸ್ಟೇನ್‌ಲೆಸ್ ಉಕ್ಕಿನವನ್ನು ಹಾಕಿದರು. ಇಂಧನದ ಆವಿ ಒಳಗೆ ನಿಲ್ಲಬಾರದೆಂದು ಗಾಳಿಗಂಡಿಗಳನ್ನು ತೆರವು ಮಾಡಿದರು.

ಕೆಲಸದ ನಡುವೆ ಕೇಡಿನ ಮೂಲವೂ ತಿಳಿಯಿತು. ಮುಚ್ಚಳದ ಸುತ್ತಲಿನ ಕಾಲುವೆಯಿಂದ ನೀರು ಹೊರಹೋಗುವ ತೂತು ಮಣ್ಣಿನಿಂದ ಮುಚ್ಚಿತ್ತು. ಮಳೆನೀರು ಅಲ್ಲಿಯೇ ನಿಂತು ಮರವನ್ನು ತಿಂದಿತ್ತು. ಉಪ್ಪುನೀರಿಗಿಂತ ಸಿಹಿನೀರೇ ಮರವನ್ನು ಬೇಗ ಕೊಳೆಸುತ್ತದೆ. ಚಿಟಿಕೆ ಮಣ್ಣನ್ನು ಕಾಲಕ್ಕೆ ಸರಿಯಾಗಿ ತೆಗೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಕಿತ್ತ ಹಲಗೆಗಳಲ್ಲಿ ಇರುವೆಗಳೂ ಹುಳುಗಳೂ ಮನೆ ಮಾಡಿದ್ದವು. ಒಲೆಗೆ ಹಾಕಲು ಆಳು ಎತ್ತಿಕೊಂಡಾಗ ವ್ಯಾಪಾರಿಗಳು ತಡೆದು, ದಂಡೆಯ ಮರವೊಂದರ ನೆರಳಿನಲ್ಲಿ ಇಡಿಸಿದರು.

ಕೊಳ್ಳುವವರು ಬಂದ ದಿನ ಹೊಸ ಮುಚ್ಚಳಗಳನ್ನು ಮೆಚ್ಚಿದರು. ವ್ಯಾಪಾರಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂಬದಿಯ ಒಂದು ಅಡ್ಡಪಟ್ಟಿಯೂ ಮೆತ್ತಗಾಗಿದೆ, ಅದನ್ನು ತಾವು ಬದಲಿಸಿಲ್ಲವೆಂದು ತೋರಿಸಿಕೊಟ್ಟರು. ಬೆಲೆ ಇಳಿಯಿತು. ನಾಲ್ವರಿಗೂ ನಷ್ಟವೇ ಆಯಿತು. ಯಾರೂ ಅದನ್ನು ಲಾಭವೆಂದು ಹೇಳಿಕೊಳ್ಳಲಿಲ್ಲ.

ಈಗಲೂ ಅಂಗಡಿಯಲ್ಲಿ ಸೀರೆ ಮಡಿಸುವಾಗ ಎಳೆ ತಪ್ಪಿದ ಜಾಗ ಕಂಡರೆ ವ್ಯಾಪಾರಿಗಳ ಕೈ ಒಂದು ಕ್ಷಣ ತಡೆಯುತ್ತದೆ. ಆ ಜಾಗವನ್ನು ಮೇಲಕ್ಕೆ ಮಾಡಿ ಗಿರಾಕಿಯ ಮುಂದೆ ಹರಡುತ್ತಾರೆ.