ಕೊನೇ ಸಾಲಿನ ಮೇಷ್ಟ್ರು

ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಒಂದು ಗುಡ್ಡ ಬರೆಯುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ಒಂದು ಗುಂಡು. ಅಲ್ಲಿ ಕೂತಿದ್ದರೆ ಪ್ರಚ್ಛನ್ನ ಶಕ್ತಿ, ಉರುಳಿದರೆ ಚಲನ ಶಕ್ತಿ. ಗುಂಡಿನ ಜಾಗದಲ್ಲಿ ಒಂದು ದಿನ ತಾವೇ ಕೂರಬೇಕಾದೀತೆಂದು ಅವರು ಎಣಿಸಿರಲಿಲ್ಲ.

ಮಗಳ ಮನೆ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಎರಡು ಗಂಟೆ ಕಾರಿನಲ್ಲಿ ಹೋದರೆ ಸ್ಯಾಂಡಸ್ಕಿ ಎಂಬ ಊರು. ಆ ಊರಿನ ಮುಂದೆ ಈರಿ ಸರೋವರದೊಳಕ್ಕೆ ಚಾಚಿದ ನೆಲದ ನಾಲಿಗೆಯ ಮೇಲೆ ಸೀಡರ್ ಪಾಯಿಂಟ್. 1870ರಲ್ಲಿ ನೀರಾಟಕ್ಕೆ ಬರುವವರ ತಾಣವಾಗಿ ಶುರುವಾದ ಜಾಗ. 1892ರಲ್ಲಿ ಅಲ್ಲಿಗೆ ಬಂದ ಮೊದಲ ರೋಲರ್ ಕೋಸ್ಟರ್ 25 ಅಡಿ ಎತ್ತರ, ಓಟ ಗಂಟೆಗೆ 10 ಮೈಲಿ. ಮೈಸೂರಿನ ಟಾಂಗಾ ಕುದುರೆ ಹುರುಪಿನಲ್ಲಿದ್ದರೆ ಅಷ್ಟು ಓಡೀತು. ಈಗ ನೀರಿನ ನಡುವಿನ ರಸ್ತೆಯಲ್ಲಿ ಕಾರು ತಿರುಗುತ್ತಿದ್ದಂತೆಯೇ ಆಕಾಶಕ್ಕೆ ಯಾರೋ ಕಬ್ಬಿಣದಲ್ಲಿ ಕಸೂತಿ ಹಾಕಿದ ಹಾಗೆ ಹಳಿಗಳು ಕಾಣುತ್ತವೆ. ಹನ್ನೊಂದು ವರ್ಷದ ಮೊಮ್ಮಗ ಹಿಂದಿನ ಸೀಟಿನಿಂದ ಒಂದೊಂದರ ಹೆಸರನ್ನೂ ಮಗ್ಗಿಯಂತೆ ಒಪ್ಪಿಸತೊಡಗಿದ. ಅಜ್ಜಿ ಕಾರಿನ ಡಿಕ್ಕಿಯಲ್ಲಿದ್ದ ಚಿತ್ರಾನ್ನದ ಡಬ್ಬಿಯ ಬಗ್ಗೆ ಯೋಚಿಸುತ್ತಿದ್ದರು.

ಗೇಟು ದಾಟಿ ಸ್ವಲ್ಪ ನಡೆದರೆ ಕಾರ್ಕ್‌ಸ್ಕ್ರೂ. ಜನ ಓಡಾಡುವ ದಾರಿಯ ಮೇಲೆಯೇ ಅದರ ಹಳಿ ತಿರುಚಿಕೊಂಡು ಹೋಗುತ್ತದೆ. ತಲೆ ಎತ್ತಿದರೆ ಕೂಗುವವರ ಬಾಯಿ ಕಾಣುತ್ತದೆ, ಬೂಟಿನ ಅಟ್ಟೆ ಕಾಣುವುದಿಲ್ಲ. ಬೂಟು ಇರುವುದು ಆಕಾಶದ ಕಡೆಗೆ! ಅಜ್ಜಿ ಅಲ್ಲೇ ತೀರ್ಮಾನ ಮಾಡಿದರು: "ನಾನು ಬ್ಯಾಗು ಕಾಯ್ತೀನಿ. ರೀ, ನಿಮಗೂ ಬೇಡ. ಬಿಪಿ ಮಾತ್ರೆ ತಗೊಳೋರು ನೀವು."

ಜನರನ್ನು ತಲೆಕೆಳಗು ಮಾಡುವ ಹಂಬಲ ಹಳೆಯದು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಬಳೆಯಷ್ಟೇ ದುಂಡಗಿನ ಸುತ್ತೊಂದನ್ನು ಕಟ್ಟಿದ್ದರು. ಅದರಲ್ಲಿ ಕೂತವರ ಕುತ್ತಿಗೆ ಉಳುಕುತ್ತಿತ್ತು. ನೇರ ಓಡುತ್ತಿದ್ದ ಗಾಡಿ ಪೂರ್ತಿ ವೇಗದಲ್ಲಿ ಹಠಾತ್ತನೆ ವೃತ್ತಕ್ಕೆ ನುಗ್ಗಿದರೆ ಮೈಭಾರ ಹಲವು ಪಟ್ಟಾಗಿ ಒತ್ತುತ್ತದೆ. ಇದಕ್ಕೆ ಪಕ್ಕಾ ಪರಿಹಾರ ಬಂದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಎಂಬ ಕೋಸ್ಟರ್‌ನಲ್ಲಿ. ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗಲ್ ಸುತ್ತನ್ನು ನೀರಹನಿಯ ಆಕಾರಕ್ಕೆ ತಂದರು: ವೇಗ ಹೆಚ್ಚಿರುವ ಬುಡದಲ್ಲಿ ಅಗಲ, ವೇಗ ತಗ್ಗುವ ತುದಿಯಲ್ಲಿ ಕಿರಿದು. ಕಾರ್ಕ್‌ಸ್ಕ್ರೂ ಬಂದದ್ದೂ ಅದೇ ವರ್ಷ.

ಮೇಷ್ಟ್ರು ಬ್ಲೂ ಸ್ಟ್ರೀಕ್‌ಗೆ ಒಪ್ಪಿದರು. ಮರದ ಕೋಸ್ಟರ್, 1964ರದ್ದು, ಈಗ ಪಾರ್ಕಿನಲ್ಲಿ ಓಡುತ್ತಿರುವುದರಲ್ಲಿ ಅದೇ ಹಿರಿಯ. ಎತ್ತರ 78 ಅಡಿ. ಸರತಿ ಹತ್ತೇ ನಿಮಿಷ. ಖಾಲಿ ಇದ್ದದ್ದು ಕೊನೇ ಸಾಲು, ತಾತ-ಮೊಮ್ಮಗ ಅಲ್ಲೇ ಕೂತರು. ಅಡಿಯಲ್ಲಿ ಸರಪಳಿ ಕಚ್ಚಿಕೊಂಡಿತು, ಟಕ್ ಟಕ್ ಟಕ್ ಎಂದು ಗಾಡಿ ಏರತೊಡಗಿತು. ಆ ಸದ್ದು ಹೆದರಿಸುವುದಕ್ಕೆಂದು ಇಟ್ಟದ್ದಲ್ಲ. ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಒಂದೊಂದು ಹಲ್ಲಿಗೂ ಬೀಳುವ ಕೊಕ್ಕೆಯ ಸದ್ದು. ರಕ್ಷಣೆಯ ಸದ್ದೇ ಎದೆ ನಡುಗಿಸುವ ಸದ್ದೂ ಆಗಿಬಿಟ್ಟಿದೆ. ಮೇಷ್ಟ್ರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕಂಬಿ ಹಿಡಿದ ಬೆರಳು ಬೆಳ್ಳಗಾಗಿದ್ದವು.

ನೆತ್ತಿ ದಾಟಿದ ಕ್ಷಣ ಅವರು ಸೀಟಿನ ಮೇಲೆ ಇರಲಿಲ್ಲ. ತೊಡೆಗೂ ಸೀಟಿಗೂ ನಡುವೆ ಗಾಳಿ ಆಡಿತು. ಹುಣಸೂರಿನ ಕಡೆ ಹೋಗುವ ಕೆಂಪು ಬಸ್ಸಿನ ಕೊನೇ ಸೀಟಿನಲ್ಲಿ ಕೂತಿದ್ದಾಗ ಡ್ರೈವರ್ ಹಂಪ್ಸ್ ನೋಡದೆ ಹಾರಿಸಿದರೆ ಆಗುತ್ತದಲ್ಲ, ಅದೇ! ಒಂದಲ್ಲ, ಒಂದರ ಹಿಂದೊಂದು. ಕಾರಣ ಮಾತ್ರ ಬೇರೆ. ಬಸ್ಸಿನಲ್ಲಿ ಕೊನೇ ಸೀಟು ಹಿಂದಿನ ಚಕ್ರದಾಚೆ ಚಾಚಿಕೊಂಡಿರುವುದರಿಂದ ಎತ್ತಿ ಎಸೆಯುತ್ತದೆ. ಇಲ್ಲಿ ಮುಂದಿನ ಡಬ್ಬಿಗಳು ಆಗಲೇ ಇಳಿಜಾರು ಹಿಡಿದು ಹಿಂದಿನದನ್ನು ಎಳೆಯುತ್ತವೆ. ನೆತ್ತಿಯನ್ನು ಮುಂದಿನವರು ನಿಧಾನಕ್ಕೆ ದಾಟುತ್ತಾರೆ, ಹಿಂದಿನವರು ರಭಸದಲ್ಲಿ ದಾಟುತ್ತಾರೆ. ಮೈ ಮೇಲಕ್ಕೇ ಹೋಗಬೇಕೆನ್ನುತ್ತದೆ, ಗಾಡಿ ಕೆಳಗೆ ಹೋಗಿರುತ್ತದೆ.

ಗಾಡಿಯೂ ಹಾರಬೇಕಲ್ಲವೇ? ಹಾರದಿರುವುದಕ್ಕೆ ಜಾನ್ ಮಿಲ್ಲರ್ ಕಾರಣ. ಹಳಿಯ ಮೇಲೊಂದು, ಪಕ್ಕಕ್ಕೊಂದು ಚಕ್ರದ ಜೊತೆಗೆ ಹಳಿಯ ಅಡಿಯಲ್ಲೂ ಒಂದನ್ನು ಸಿಕ್ಕಿಸುವ ಏರ್ಪಾಟಿಗೆ ಆ ಅಮೆರಿಕನ್ 1919ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಬಂದ ಕಡಿದಾದ ಇಳಿಜಾರುಗಳೆಲ್ಲ ಆ ಅಡಿಚಕ್ರದ ಧೈರ್ಯದ ಮೇಲೆಯೇ ನಿಂತಿವೆ.

ಕೆಳಗಿಳಿದ ಮೇಷ್ಟ್ರ ತಲೆಗೂದಲು ನಿಂತಿತ್ತು. ಅಜ್ಜಿಯ ಕೈಯಲ್ಲಿ ಕಾಗದದ ಲೋಟ, ಅದರ ತುಂಬ ಆಲೂಗೆಡ್ಡೆ ಫ್ರೈಸ್. ಇಲ್ಲಿಯವರು ಅದಕ್ಕೆ ಉಪ್ಪಿನ ಜೊತೆ ವಿನಿಗರ್ ಚಿಮುಕಿಸಿಕೊಂಡು ತಿನ್ನುತ್ತಾರೆ. "ಹುಳಿ ವಾಸನೆ. ನಮ್ಮ ದಸರಾ ಎಕ್ಸಿಬಿಷನ್ನಿನ ಡೆಲ್ಲಿ ಹಪ್ಪಳದ ಕಾಲಿನ ಧೂಳಿಗೂ ಸಮ ಇಲ್ಲ," ಎಂದ ಅಜ್ಜಿ ಲೋಟವನ್ನು ಖಾಲಿ ಮಾಡಿಯೇ ಕೆಳಗಿಟ್ಟರು.

ಮಧ್ಯಾಹ್ನ ಚಿತ್ರಾನ್ನ ಮುಗಿಸಿ ಮಿಲೇನಿಯಂ ಫೋರ್ಸ್. 310 ಅಡಿ, 2000ದಲ್ಲಿ ಶುರುವಾದಾಗ ಹಳಿಯ ಪೂರ್ತಿ ಸುತ್ತು ಹಾಕುವ ಕೋಸ್ಟರ್‌ಗಳಲ್ಲಿ 300 ಅಡಿ ದಾಟಿದ ಮೊದಲನೆಯದು. ಅಳತೆಗಂಬದ ಬಳಿ ಹುಡುಗ ಹಿಮ್ಮಡಿ ಎತ್ತಿ ನಿಂತ, ಕಾವಲಿನ ಹುಡುಗಿ ನಕ್ಕು ಒತ್ತಿ ಕೆಳಗಿಳಿಸಿದಳು. 48 ಅಂಗುಲ ದಾಟಿದ್ದ, ಎತ್ತುವ ಅಗತ್ಯವೇ ಇರಲಿಲ್ಲ. ಸರತಿ ಒಂದೂವರೆ ಗಂಟೆ. ಕಾಯುವಾಗ ಮೇಷ್ಟ್ರಿಗೆ ಲೆಕ್ಕ ಹೊಳೆಯಿತು: ಇಳಿತ 300 ಅಡಿ, ಅಂದರೆ 91 ಮೀಟರು. ಎರಡು ಗುಣಿಸು 9.8 ಗುಣಿಸು 91, ವರ್ಗಮೂಲ. ಮೊಮ್ಮಗನ ಅಂಗೈಯಲ್ಲಿ ಬೆರಳಿನಿಂದಲೇ ಬರೆದರು. ಸೆಕೆಂಡಿಗೆ 42 ಮೀಟರು, ಗಂಟೆಗೆ ಸುಮಾರು 152 ಕಿಲೋಮೀಟರು. ಪಾರ್ಕಿನವರು ಹೇಳುವುದು 93 ಮೈಲಿ, ಅಂದರೆ ಸುಮಾರು 150.

"ಉಳಿದ ಎರಡು ಎಲ್ಲಿ ಹೋಯ್ತು ತಾತ?"

"ಗಾಳಿ ತಿಂತು, ಚಕ್ರ ತಿಂತು. ಎಂಜಿನ್ನೇ ಇಲ್ಲ ನೋಡು ಇದಕ್ಕೆ. ಮೇಲಕ್ಕೆ ಎಳೆದದ್ದಷ್ಟೇ ಬಂಡವಾಳ."

ಇಲ್ಲಿ ಸರಪಳಿಯಿಲ್ಲ, ಉಕ್ಕಿನ ಹಗ್ಗ. ಟಕ್ ಟಕ್ ಇಲ್ಲ. ಅರ್ಧ ನಿಮಿಷದೊಳಗೆ ಗಾಡಿ ನೆತ್ತಿ ಮುಟ್ಟಿ, ಈರಿ ಸರೋವರ ಸಮುದ್ರದಂತೆ ಒಂದು ಸಲ ಕಂಡು, ಆಮೇಲೆ ಏನೂ ಕಾಣಲಿಲ್ಲ. ಕಣ್ಣೀರು ಕಿವಿಯ ಕಡೆ ಹರಿಯಿತು. ಭವ್ಯ, ಸಂದೇಹವಿಲ್ಲ. ಆದರೆ ಅದು ಹೆದರುವುದಕ್ಕೇ ಪುರುಸೊತ್ತು ಕೊಡುವುದಿಲ್ಲ. ಭಯಕ್ಕೂ ಒಗ್ಗರಣೆಗೆ ಬೇಕಾದಷ್ಟು ಹೊತ್ತು ಬೇಕು. ಅದು ಸಿಕ್ಕಿದ್ದು ಸಂಜೆ, ದಡದ ಪಕ್ಕದ ಮ್ಯಾಗ್ನಮ್‌ನಲ್ಲಿ. 1989ರಲ್ಲಿ 205 ಅಡಿ ಎತ್ತರಕ್ಕೆ ಕಟ್ಟಿದ ಇದು ಹಳೇ ಸಂಪ್ರದಾಯದ ಸರಪಳಿಯಲ್ಲಿ ಸಾವಕಾಶವಾಗಿ ಏರುತ್ತದೆ. ಪಕ್ಕದಲ್ಲಿ ನೀರು ಮಾತ್ರ. ಆ ಏರುದಾರಿಯಲ್ಲಿ ಮೇಷ್ಟ್ರು ರಾಘವೇಂದ್ರ ಸ್ವಾಮಿಗಳನ್ನು ನೆನೆದದ್ದನ್ನು ಮೊಮ್ಮಗ ಆಮೇಲೆ ಮನೆಯಲ್ಲೆಲ್ಲ ಸಾರಿದ.

ಅಳಿಯನೂ ಹುಡುಗನೂ ಸ್ಟೀಲ್ ವೆಂಜೆನ್ಸ್‌ಗೆ ಹೋದರು. ಮೀನ್ ಸ್ಟ್ರೀಕ್ ಎಂಬ ಹಳೆಯ ಮರದ ಕೋಸ್ಟರಿನ ಚೌಕಟ್ಟಿಗೆ ಉಕ್ಕಿನ ಹಳಿ ಕೂರಿಸಿ 2018ರಲ್ಲಿ ತೆರೆದದ್ದು ಅದು. ಅಷ್ಟರಲ್ಲಿ ಮೇಷ್ಟ್ರು ಒಬ್ಬರೇ ಮತ್ತೆ ಬ್ಲೂ ಸ್ಟ್ರೀಕ್ ಹತ್ತಿ ಬಂದರು. ಕೇಳಿದರೆ, "ಕಾಲಾಡಿಸಿಕೊಂಡು ಬಂದೆ" ಎಂದರು.

ಹಿಂತಿರುಗುವಾಗ ಕಾರಿನಲ್ಲಿ ಪಾರ್ಕಿನ ನಕ್ಷೆಯ ಬೆನ್ನಿಗೆ ಲೆಕ್ಕ ಬರೆದರು. ಸರತಿಯಲ್ಲಿ ಮೂರು ಗಂಟೆ. ಗಾಡಿಯಲ್ಲಿ, ನಾಲ್ಕೂ ಸಲ ಸೇರಿ, ಸುಮಾರು ಎಂಟು ನಿಮಿಷ. "ಎಂಟು ನಿಮಿಷಕ್ಕೆ ಇಷ್ಟು ದೂರ ಬಂದ್ವಾ?" ಎಂದರು ಅಜ್ಜಿ.

ಆ ಕಡೆ ಹೋಗುವವರಿದ್ದರೆ ವಾರದ ನಡುವೆ ಹೋಗಿ. ಚಪ್ಪಲಿ ಬೇಡ, ಬೂಟು ಹಾಕಿ. ಮೊದಲು ಬ್ಲೂ ಸ್ಟ್ರೀಕ್ ಹತ್ತಿ, ಕೊನೇ ಸಾಲು ಬಿಟ್ಟು ಬೇರೆಲ್ಲೂ ಕೂರಬೇಡಿ.